ರಾಜಾಶ್ರಯವೂ ಅಂಕಿತವೂ: ರಾಯಚೂರು ಸೀಮೆಯ ಕಲೆ-ಕಾವ್ಯಗಳ ಸಾಕ್ಷ್ಯ

೧

ಕರ್ಣಾಟಕದ ಕಲೆ ಮತ್ತು ಕಾವ್ಯಗಳ ಚರಿತ್ರೆಯನ್ನು ಬರೆಯುವವರು ಅದನ್ನು ರಾಜವಂಶಗಳ ಹೆಸರಿನಿಂದ ವಿಭಾಗಿಸುವುದು ವಾಡಿಕೆಯಾಗಿದೆ. ರಾಷ್ಟ್ರಕೂಟರ ಕಾಲ, ಕಲ್ಯಾಣದ ಚಾಲುಕ್ಯರ ಕಾಲ, ಹೊಯ್ಸಳರ ಕಾಲ, ವಿಜಯನಗರದ ಕಾಲ ಎಂದು ಅಧ್ಯಾಯಗಳು ಸಾಗುತ್ತವೆ. ಒಂದೊಂದು ಅಧ್ಯಾಯದ ಮೊದಲಲ್ಲಿಯೂ ಆಯಾ ಅರಸನು ಕವಿಗಳಿಗೂ ಶಿಲ್ಪಿಗಳಿಗೂ ಕಲ್ಪವೃಕ್ಷನಾಗಿದ್ದನೆಂಬ ಮಾತು ಬರುತ್ತದೆ. ಕಾಲನಿರ್ಣಯಕ್ಕೆ ಈ ಕ್ರಮವು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲವನ್ನು ಸೂಚಿಸಬೇಕಾದ ಹೆಸರೇ ಕ್ರಮೇಣ ಕಾರಣವನ್ನು ಸೂಚಿಸುವ ಹೆಸರಾಗಿಬಿಟ್ಟಿದೆ. ಒಬ್ಬ ಅರಸನ ಕಾಲದಲ್ಲಿ ಆದುದೆಲ್ಲವೂ ಆ ಅರಸನಿಂದಲೇ ಆಯಿತೆಂಬುದು ತರ್ಕಕ್ಕೆ ನಿಲ್ಲತಕ್ಕ ಮಾತಲ್ಲ.

ಈ ವಾಡಿಕೆಯ ದೋಷವು ರಾಜಧಾನಿಗಳಲ್ಲಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಗಡಿನಾಡುಗಳಲ್ಲಿ ಅದು ಸ್ಪಷ್ಟವಾಗಿ ತೋರುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು, ಶಾಸನಗಳು ಎಡೆದೊರೆ ಎಂದು ಕರೆಯುವ ಭೂಮಿ, ಅಂತಹ ಗಡಿನಾಡು. ಚಾಲುಕ್ಯರು, ಸೇವುಣರು, ಕಾಕತೀಯರು, ಬಹಮನಿಯವರು, ವಿಜಯನಗರದವರು, ವಿಜಾಪುರದ ಆದಿಲಶಾಹಿಗಳು, ಮೊಗಲರು, ಹೈದರಾಬಾದಿನ ನಿಜಾಮರು ಎಲ್ಲರೂ ಇದನ್ನು ಒಂದಲ್ಲ ಒಂದು ಕಾಲದಲ್ಲಿ ಆಳಿದರು. ಆದರೆ ಇವರಲ್ಲಿ ಯಾರಿಗೂ ಇದು ಸ್ಥಿರವಾದ ರಾಜಧಾನಿಯಾಗಲಿಲ್ಲ. ಆದಕಾರಣ ವಂಶಾನುಕ್ರಮದ ಚರಿತ್ರೆಯಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಎಂಬ ಹೆಸರುಗಳು ಯುದ್ಧಗಳ ಪ್ರಸ್ತಾಪದಲ್ಲಿ ಬರುತ್ತವೆಯೇ ಹೊರತು ಕಲೆಯ ಪ್ರಸ್ತಾಪದಲ್ಲಿ ವಿರಳವಾಗಿ ಬರುತ್ತವೆ. ಹೀಗಿದ್ದರೂ ಹದಿನೆಂಟನೆಯ ಶತಮಾನದಲ್ಲಿ ಕನ್ನಡ ಹಾಡಿಗೆ ಹೊಸ ಪ್ರಾಣವು ಬಂದುದು ಈ ಸೀಮೆಯ ಮೂರು ಹಳ್ಳಿಗಳಿಂದ. ಅರಸರು ಹೋದ ಮೇಲೆ ಬರಿದಾಗಬೇಕಾಗಿದ್ದ ನೆಲದಲ್ಲಿ ಬೆಳೆ ಬಂದುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಆಶ್ರಯವೆಂಬುದು ಏನು, ಅದು ಕೃತಿಯೊಳಗೆ ಏನನ್ನು ಮಾಡುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

೨

ಮೊದಲನೆಯ ಸಾಕ್ಷ್ಯವು ರಾಯಚೂರು ಕೋಟೆಯದು. ಕೋಟೆಯ ಪಶ್ಚಿಮದ ಒಳಗೋಡೆಯಲ್ಲಿ ೪೦ ಅಡಿಗೂ ಹೆಚ್ಚು ಉದ್ದವಾದ ಒಂದೇ ಕಲ್ಲು ಇದೆ. ಅದರ ಮೇಲಣ ಶಾಸನದ ಕಾಲವು ಶಕ ೧೨೧೬, ಎಂದರೆ ಕ್ರಿ. ಶ. ೧೨೯೪. ಗೋನ ಗನ್ನಾರೆಡ್ಡಿಯ ಸೇವಕನಾದ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಗೆದ್ದು ಬಂದು ರಾಯಚೂರಿಗೆ ಈ ಕಲ್ಲುಗೋಡೆಯನ್ನು ಕಟ್ಟಿಸಿದನೆಂಬುದು ಅದರ ತಾತ್ಪರ್ಯ. ಮಾನುವವೆಂಬುದು ಇಂದಿನ ಮಾನ್ವಿ. ಹಳೆಯ ಗ್ಯಾಝೆಟಿಯರುಗಳಲ್ಲಿ ಗೋರೆ ಗಂಗಯ್ಯ ರೆಡ್ಡಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವವನು ಈ ಗನ್ನಾರೆಡ್ಡಿಯೇ.

ಈ ಕೋಟೆಯನ್ನು ಕಾಕತೀಯ ರಾಣಿ ರುದ್ರಮದೇವಿಯ ಮಂತ್ರಿಯು ಕಟ್ಟಿಸಿದನೆಂದು ಹೇಳುವ ರೂಢಿ ಇಂದಿಗೂ ಉಂಟು. ಆದರೆ ಚಂದುಪಟ್ಲದ ಶಾಸನದ ಆಧಾರದಿಂದ ರುದ್ರಮದೇವಿಯು ೧೨೮೯ರಲ್ಲಿಯೇ ತೀರಿಕೊಂಡಳೆಂದು ತಿಳಿದುಬಂದಿದೆ. ಕೋಟೆಯ ಕಲ್ಲನ್ನು ನಿಲ್ಲಿಸಿದಾಗ ಓರುಗಲ್ಲಿನ ಸಿಂಹಾಸನದ ಮೇಲೆ ಇದ್ದವನು ಪ್ರತಾಪರುದ್ರನು. ದೊಡ್ಡ ಕಟ್ಟಡಕ್ಕೆ ದೊಡ್ಡ ಹೆಸರೊಂದು ಬೇಕೆಂಬ ಆಸೆಯಿಂದ, ಐದು ವರ್ಷಗಳ ಹಿಂದೆ ಗತಿಸಿದ ರಾಣಿಯನ್ನು ಜನರು ಕಟ್ಟಡದ ಒಡತಿಯನ್ನಾಗಿ ಮಾಡಿದ್ದಾರೆ. ತಪ್ಪು ಚಿಕ್ಕದಾದರೂ ಅದರ ಹಿಂದಿನ ಮನೋಧರ್ಮವು ಚಿಕ್ಕದಲ್ಲ. ಶಾಸನವು ಹೇಳುವ ಕ್ರಮವೇ ಬೇರೆ: ಅರಸನ ಕೆಳಗೆ ನಾಯಕನು, ನಾಯಕನ ಕೆಳಗೆ ಅವನ ಸೇವಕನು, ಆ ಸೇವಕನ ಕೈಯಿಂದ ಗೋಡೆ.

ಇದಕ್ಕಿಂತ ಗಮನಾರ್ಹವಾದುದು ಆ ಕಲ್ಲಿನ ಮೇಲಣ ರೇಖಾಚಿತ್ರ. ಅಚ್ಚುಗಾಲಿಯ ಬಂಡಿಯೊಂದರ ಮೇಲೆ ಆ ಕಲ್ಲನ್ನೇ ಹೇರಿ, ಕೋಣಗಳ ಉದ್ದವಾದ ಸಾಲನ್ನು ಹೂಡಿ ಎಳೆದು ತರುವ ದೃಶ್ಯವು ಅಲ್ಲಿ ಕೊರೆಯಲ್ಪಟ್ಟಿದೆ. ಕೋಣಗಳನ್ನು ಹೊಡೆಯುವವರೂ, ಗಾಲಿಗಳಿಗೆ ಮರದ ಸನ್ನೆಗೋಲು ಕೊಟ್ಟು ನೂಕುವವರೂ ಅದರಲ್ಲಿದ್ದಾರೆ. ಅರಸನ ಆಸ್ಥಾನವಾಗಲಿ ಆನೆಯ ಅಂಬಾರಿಯಾಗಲಿ ಅಲ್ಲಿಲ್ಲ. ಗೆಲುವನ್ನು ಸಾರಬೇಕಾದ ಕಲ್ಲು ತಾನು ಬಂದ ದಾರಿಯನ್ನು ಚಿತ್ರಿಸಿಕೊಂಡಿದೆ. ಕಲೆಯ ಚರಿತ್ರೆಯನ್ನು ಬರೆಯುವವನಿಗೆ ಈ ಚಿತ್ರವು ಒಂದು ಉಪದೇಶದಂತಿದೆ: ಹೆಸರು ಎತ್ತರದಲ್ಲಿ ಇರಬಹುದು, ಕಲ್ಲನ್ನು ಎಳೆದವರ ಸಾಲು ಉದ್ದವಾದುದು.

೩

ಎರಡನೆಯ ಸಾಕ್ಷ್ಯವು ಅದೇ ಊರಿನ ಏಕ ಮಿನಾರಿನ ಮಸೀದಿ. ಸುಮಾರು ೬೫ ಅಡಿ ಎತ್ತರವಾದ ಒಂಟಿ ಮಿನಾರಿನಿಂದ ಇದಕ್ಕೆ ಈ ಹೆಸರು ಬಂದಿದೆ. ಇದರ ಪಾರಸಿ ಶಾಸನದ ಮೇರೆಗೆ, ಹಿಜರಿ ೯೧೯ರಲ್ಲಿ, ಎಂದರೆ ೧೫೧೩-೧೪ರಲ್ಲಿ, ಬಹಮನಿ ಸುಲ್ತಾನ ಮಹಮೂದಶಹನ ಆಳ್ವಿಕೆಯಲ್ಲಿ ಅಂಬರನೆಂಬುವನು ಇದನ್ನು ಕಟ್ಟಿಸಿದನು.

ಆಳ್ವಿಕೆಯೆಂಬ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ಅರ್ಥಮಾಡಬೇಕು. ೧೪೮೨ರಿಂದ ೧೫೧೮ರ ವರೆಗೆ ಪಟ್ಟದಲ್ಲಿದ್ದ ಮಹಮೂದಶಹನು ತನ್ನ ಕೊನೆಯ ದಿನಗಳಲ್ಲಿ ಬೀದರಿನ ಅರಮನೆಯಲ್ಲಿ ಬರೀದರ ಕೈಗೊಂಬೆಯಾಗಿದ್ದನು. ವಿಜಾಪುರದಲ್ಲಿ ಯೂಸುಫ್ ಆದಿಲಖಾನನು ಹದಿನೈದನೆಯ ಶತಮಾನದ ಕೊನೆಗೇ ತನ್ನ ಬಲವನ್ನು ಸ್ಥಾಪಿಸಿಕೊಂಡಿದ್ದನು. ೧೫೧೦ರಲ್ಲಿ ಅವನ ಮಗ ಇಸ್ಮಾಯಿಲನು ಪಟ್ಟಕ್ಕೆ ಬಂದನು. ರಾಯಚೂರು ಆಗ ಇವರ ಕೈಯಲ್ಲಿತ್ತು. ಮಸೀದಿ ಎದ್ದು ಏಳು ವರ್ಷಗಳೊಳಗೆ, ೧೫೨೦ರಲ್ಲಿ, ಕೃಷ್ಣದೇವರಾಯನು ಇಸ್ಮಾಯಿಲನನ್ನು ಸೋಲಿಸಿ ಕೋಟೆಯನ್ನು ಹಿಡಿದನು. ಹೀಗೆ ಮಸೀದಿಯ ಕಲ್ಲಿನಲ್ಲಿ ಹೆಸರುಳ್ಳ ಸುಲ್ತಾನನಿಗೆ ಊರು ಇರಲಿಲ್ಲ. ಊರನ್ನು ಆಳುತ್ತಿದ್ದವನ ಹೆಸರು ಕಲ್ಲಿನಲ್ಲಿಲ್ಲ. ಕಟ್ಟಿಸಿದವನು ಮೂರನೆಯವನು. ಬಹಮನಿಯವರ ವಾಸ್ತುಶಿಲ್ಪವೆಂಬ ಅಧ್ಯಾಯದಲ್ಲಿ ಈ ಮಸೀದಿಯನ್ನು ಸೇರಿಸುವುದು ಶೈಲಿಯ ದೃಷ್ಟಿಯಿಂದ ಯುಕ್ತವಾಗಬಹುದು. ಆದರೆ ಅದನ್ನು ಆ ಸುಲ್ತಾನನ ಕಲಾಪ್ರೇಮಕ್ಕೆ ನಿದರ್ಶನವಾಗಿ ಹೇಳಿದರೆ ಅದು ಶಾಸನದ ಪಾಠವನ್ನು ಮೀರಿದ ಮಾತಾಗುತ್ತದೆ.

ಕನ್ನಡ ಶಾಸನಗಳ ಸಂಪ್ರದಾಯವೂ ಇದನ್ನೇ ಸಮರ್ಥಿಸುತ್ತದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಮಲೆಶಂಕರ ಮೊದಲಾದ ಹಳೆಯ ಗುಡಿಗಳೂ ಅನೇಕ ಶಾಸನಗಳೂ ಇವೆ. ಕಲ್ಯಾಣದ ಚಾಲುಕ್ಯರ ಕಾಲದ ಯಾವ ದಾನಶಾಸನವನ್ನು ನೋಡಿದರೂ ಮೊದಲು ಚಕ್ರವರ್ತಿಯ ಬಿರುದುಗಳೂ ಅವನ ರಾಜ್ಯದ ಅಭಿವೃದ್ಧಿಯೂ ಬರುತ್ತವೆ; ಅನಂತರ ತತ್ಪಾದಪದ್ಮೋಪಜೀವಿಯಾದ ಮಂಡಲೇಶ್ವರನು ಬರುತ್ತಾನೆ; ಬಳಿಕ ದಂಡನಾಯಕನೋ ಊರ ಒಡೆಯನೋ, ಅಗ್ರಹಾರದ ಮಹಾಜನರೋ, ಸೆಟ್ಟಿಗುತ್ತರ ಸಮೂಹವೋ, ಎಣ್ಣೆಯ ಗಾಣದವರೋ ಬಂದು, ಭೂಮಿಯನ್ನೂ ಸುಂಕದ ಭಾಗವನ್ನೂ ದೀಪದೆಣ್ಣೆಯನ್ನೂ ಬಿಡುತ್ತಾರೆ. ಚಕ್ರವರ್ತಿಯ ಹೆಸರು ಇಲ್ಲಿ ಕಾಲಕ್ಕೂ ಅಧಿಕಾರಕ್ಕೂ ಪ್ರಮಾಣ. ದೀಪಕ್ಕೆ ಎಣ್ಣೆ ಎರೆದವನು ಬೇರೆ.

ಇದಕ್ಕೆ ಒಂದು ಆಕ್ಷೇಪವುಂಟು. ಆ ಮಂಡಲೇಶ್ವರನ ಸಂಪತ್ತು ಅರಸನಿಂದಲೇ ಬಂದುದಲ್ಲವೆ? ಅರಸನು ಕಾಪಾಡಿದ ಶಾಂತಿಯಿಲ್ಲದೆ ಸೆಟ್ಟಿಯ ವ್ಯಾಪಾರವೆಲ್ಲಿ, ಗುಡಿಯೆಲ್ಲಿ? ಆಕ್ಷೇಪವು ನ್ಯಾಯವಾದುದು. ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆ, ೧೦೭೬ರಿಂದ ೧೧೨೬ರ ವರೆಗಿನದು, ನಾಡಿನಲ್ಲಿ ಅಷ್ಟೊಂದು ಗುಡಿಗಳು ಏಳುವುದಕ್ಕೆ ಅವಕಾಶವನ್ನು ಕೊಟ್ಟಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವಕಾಶವನ್ನು ಕೊಡುವುದು ಬೇರೆ, ಆಶ್ರಯವನ್ನು ಕೊಡುವುದು ಬೇರೆ. ಮೊದಲನೆಯದು ಮಳೆಯಂತೆ ಎಲ್ಲರ ಹೊಲಕ್ಕೂ ಸಮಾನ. ಎರಡನೆಯದು ಒಬ್ಬನು ತನ್ನ ಬೀಜವನ್ನು ಆರಿಸಿ ತನ್ನ ಹೊಲದಲ್ಲಿ ಬಿತ್ತುವುದು. ಆರಿಸಿದ ಕೈಯ ಗುರುತು ಬೆಳೆಯಲ್ಲಿ ಉಳಿಯುತ್ತದೆ.

೪

ಆ ಗುರುತು ಕಾವ್ಯದಲ್ಲಿ ಹೇಗೆ ಉಳಿಯುತ್ತದೆಂಬುದಕ್ಕೆ ಪಂಪನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪಂಪನಿಗೆ ಆಶ್ರಯವಿತ್ತವನು ರಾಷ್ಟ್ರಕೂಟ ಚಕ್ರವರ್ತಿಯಲ್ಲ; ಅವರ ಸಾಮಂತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿ. ಕವಿಯು ಅವನನ್ನು ಅರ್ಜುನನೊಡನೆ ಅಭೇದಮಾಡಿ ವಿಕ್ರಮಾರ್ಜುನವಿಜಯವನ್ನು ರಚಿಸಿದನು. ಇದರ ಫಲವಾಗಿ ಭಾರತದ ಕಥೆಯೇ ಬದಲಾಯಿತು. ದ್ರೌಪದಿಯು ಅರ್ಜುನನೊಬ್ಬನಿಗೆ ಹೆಂಡತಿಯಾದಳು. ಕೊನೆಯ ಪಟ್ಟಾಭಿಷೇಕವು ಅರ್ಜುನ ಸುಭದ್ರೆಯರಿಗೆ ಸಂದಿತು. ಐವರ ಹೆಂಡತಿಯಾಗಿ ದ್ರೌಪದಿಯು ವ್ಯಾಸರಲ್ಲಿ ಹೊತ್ತಿರುವ ಭಾರವು ಇಲ್ಲಿ ಹಗುರವಾಯಿತು. ಕಥೆಯ ಕೊನೆಯಲ್ಲಿ ಅವಳಿಗೆ ದೊರೆಯಬೇಕಾದ ಸ್ಥಾನವು ಬೇರೊಬ್ಬಳಿಗೆ ಹೋಯಿತು. ಪಂಪನ ಪ್ರತಿಭೆಯು ಈ ಕಟ್ಟಿನೊಳಗೂ ಕರ್ಣನಂತಹ ಪಾತ್ರವನ್ನು ಆಕಾಶಕ್ಕೆ ಎತ್ತಿತೆಂಬುದು ಅವನ ಮಹತ್ತ್ವ. ಆದರೆ ಕಟ್ಟು ಕಟ್ಟೇ. ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿ ಕಂಡುದೂ ಇದೇ ಬಗೆಯದು. ಅದೇ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಬರೆದಾಗ ಅವನ ಆಶ್ರಯದಾತೆಯು ಅರಸಿಯಲ್ಲ, ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆ. ಆಶ್ರಯ ಬದಲಾದೊಡನೆ ಕವಿಯ ವಸ್ತುವೂ ಬದಲಾಯಿತು. ಗದೆಯ ಕವಿಯು ತೀರ್ಥಂಕರನ ಕವಿಯಾದನು.

ಇದರಿಂದ ಒಂದು ಸೂತ್ರವನ್ನು ಮಾಡಬಹುದು. ಆಶ್ರಯವೆಂಬುದು ಕೃತಿಯ ಹೊರಗೆ ನಿಂತು ಹಣ ಕೊಡುವ ಶಕ್ತಿ ಮಾತ್ರವಲ್ಲ. ಅದು ಕೃತಿಯ ಒಳಗೆ ಒಂದು ಪಾತ್ರವನ್ನೂ ಒಬ್ಬ ಶ್ರೋತೃವನ್ನೂ ಸೃಷ್ಟಿಸುತ್ತದೆ. ಆಸ್ಥಾನದ ಕಾವ್ಯದಲ್ಲಿ ಆ ಪಾತ್ರವು ನಾಯಕನು, ಆ ಶ್ರೋತೃವು ವಿದ್ವತ್ಸಭೆ. ಈ ಸೂತ್ರವನ್ನು ಹಿಡಿದು ಎಡೆದೊರೆಯ ದಾಸರನ್ನು ನೋಡತಕ್ಕದ್ದು.

೫

೧೫೬೫ರಲ್ಲಿ ರಕ್ಕಸತಂಗಡಿಯ ಯುದ್ಧದಿಂದ ವಿಜಯನಗರವು ಹಾಳಾಯಿತು. ಅದಕ್ಕೆ ಒಂದು ವರ್ಷ ಮೊದಲು ಪುರಂದರದಾಸರು ತೀರಿಕೊಂಡಿದ್ದರು. ೧೬೮೬ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ೧೭೨೪ರ ಅನಂತರ ಈ ಸೀಮೆಯು ನಿಜಾಮರ ಪಾಲಿಗೆ ಬಂದಿತು. ಈ ಗೊಂದಲದ ನಡುವೆ, ವಿಜಾಪುರ ಬೀಳುವುದಕ್ಕೆ ನಾಲ್ಕು ವರ್ಷ ಮೊದಲು, ೧೬೮೨ರಲ್ಲಿ, ಮಾನ್ವಿ ತಾಲ್ಲೂಕಿನ ಚೀಕಲಪರವಿಯೆಂಬ ತುಂಗಭದ್ರಾತೀರದ ಹಳ್ಳಿಯಲ್ಲಿ, ಬಡ ಸಂಸಾರವೊಂದರಲ್ಲಿ, ವಿಜಯದಾಸರು ಹುಟ್ಟಿದರು. ಅವರ ಶಿಷ್ಯರಾದ ಗೋಪಾಲದಾಸರದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಗೋಪಾಲದಾಸರಿಂದ ದಾಸಪಂಥಕ್ಕೆ ತಿರುಗಿದ ಜಗನ್ನಾಥದಾಸರು ೧೭೨೮ರಲ್ಲಿ ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ ಹುಟ್ಟಿ, ೧೮೦೯ರಲ್ಲಿ ಮಾನ್ವಿಯಲ್ಲಿ ಕಾಲವಾದರು. ವಂಶಾನುಕ್ರಮದ ಚರಿತ್ರೆಯು ಶೂನ್ಯವೆಂದು ಬಿಟ್ಟ ಕಾಲ ಇದೇ.

ಇವರಿಗೆ ಆಶ್ರಯವೇ ಇರಲಿಲ್ಲವೆಂದು ಹೇಳುವುದು ಭಕ್ತಿಯ ಮಾತಾಗಬಹುದು, ವಿಮರ್ಶೆಯ ಮಾತಾಗಲಾರದು. ಆಶ್ರಯವಿತ್ತು. ಅದರ ಹೆಸರು ಯಾಯಿವಾರ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಮನೆಮನೆಯ ಮುಂದೆ ಹಾಡುತ್ತ ಹೋಗುವ ದಾಸನ ಬುಟ್ಟಿಗೆ ಗೃಹಸ್ಥನ ಮನೆಯಿಂದ ಬೀಳುವ ಹಿಡಿ ಅಕ್ಕಿಯೇ ಆ ಆಶ್ರಯ. ಅರಸನು ಕವಿಗೆ ಅಗ್ರಹಾರವನ್ನು ಬಿಡಬಲ್ಲನು. ಆದರೆ ಅವನು ಒಬ್ಬನು, ಅವನು ಸೋತರೆ ಅಗ್ರಹಾರವೂ ಹೋಗುತ್ತದೆ. ಹಿಡಿ ಅಕ್ಕಿ ಕೊಡುವ ಕೈಗಳು ಅನೇಕ. ಯಾವ ಯುದ್ಧದಲ್ಲಿಯೂ ಅವೆಲ್ಲ ಒಟ್ಟಿಗೆ ಸೋಲುವುದಿಲ್ಲ. ರಾಯಚೂರಿನ ಕೋಟೆಯು ಎಷ್ಟು ಸಲ ಕೈಬದಲಾಯಿಸಿದರೂ ಈ ಸೀಮೆಯಲ್ಲಿ ಹಾಡು ನಿಲ್ಲದೆ ಹೋದುದಕ್ಕೆ ಕಾರಣವು ಇಲ್ಲಿದೆ.

ಹೊರಗಣ ಈ ಭೇದವು ಕೃತಿಯ ಒಳಗೂ ತನ್ನ ಗುರುತನ್ನಿಟ್ಟಿದೆ. ಅದರಲ್ಲಿ ಮೊದಲನೆಯದು ಅಂಕಿತ. ಆಸ್ಥಾನಕವಿಯು ಆಶ್ವಾಸದ ಕೊನೆಯಲ್ಲಿ ತನ್ನ ಒಡೆಯನ ಬಿರುದನ್ನು ಇಡುವ ಎಡೆಯಲ್ಲಿ ದಾಸರು ವಿಠ್ಠಲನ ಹೆಸರನ್ನು ಇಡುತ್ತಾರೆ. ಅದನ್ನು ಕವಿಯು ತಾನೇ ಆರಿಸಿಕೊಳ್ಳುವುದಲ್ಲ; ಗುರುವು ಕೊಡಬೇಕು. ವಿಜಯದಾಸರಿಗೆ ವಿಜಯವಿಠ್ಠಲನೆಂಬ ಅಂಕಿತವು ಸ್ವಪ್ನದಲ್ಲಿ ಪುರಂದರದಾಸರಿಂದ ದೊರೆಯಿತೆಂದು ಸಂಪ್ರದಾಯವು ಹೇಳುತ್ತದೆ. ಸ್ವಪ್ನದ ಮಾತು ಚರಿತ್ರೆಗೆ ನಿಲುಕದೆ ಇರಬಹುದು. ಆದರೆ ಅದು ಸೂಚಿಸುವ ಸಂಬಂಧವು ಚಾರಿತ್ರಿಕವೇ ಸರಿ. ರಾಜಧಾನಿಯು ಉರಿದುಹೋದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ವಿಜಯನಗರದಿಂದ ಒಂದು ಹಳ್ಳಿಯ ಕವಿಗೆ ಪರಂಪರೆಯಾಗಿ ಬಂದುದು ಸಿಂಹಾಸನವಲ್ಲ, ಒಂದು ಅಂಕಿತ. ಅದು ಗೋಪಾಲವಿಠ್ಠಲನಾಗಿ ಮೊಸರಕಲ್ಲಿಗೂ, ಜಗನ್ನಾಥವಿಠ್ಠಲನಾಗಿ ಮಾನ್ವಿಗೂ ಹೋಯಿತು. ರಾಜವಂಶಾವಳಿಯ ಬದಲು ಇಲ್ಲಿ ಅಂಕಿತಾವಳಿ.

ಎರಡನೆಯ ಗುರುತು ಛಂದಸ್ಸು ಮತ್ತು ಪ್ರಕಾರ. ಸಭೆಯಲ್ಲಿ ವಾಚಿಸಿ ಪದಾರ್ಥ ಹೇಳಬೇಕಾದ ಚಂಪುವು ಬಾಗಿಲ ಮುಂದೆ ಹಾಡುವುದಕ್ಕೆ ಬರುವುದಿಲ್ಲ. ವಿಜಯದಾಸರು ತಾಳದಿಂದ ತಾಳಕ್ಕೆ ಸಾಗುವ ಸುಳಾದಿಯನ್ನು ವಿಶೇಷವಾಗಿ ಬೆಳೆಯಿಸಿದರು. ಜಗನ್ನಾಥದಾಸರು ತತ್ತ್ವಸುವ್ವಾಲಿಗೆ ತ್ರಿಪದಿಯನ್ನು ಆರಿಸಿದರು. ಸುವ್ವಿಯೆಂಬುದು ಹೆಂಗಸರು ಕುಟ್ಟುವಾಗ ಹಾಡುವ ಹಾಡಿನ ಹೆಸರು. ತತ್ತ್ವವನ್ನು ಒನಕೆಯ ಲಯಕ್ಕೆ ಹೊಂದಿಸಿದ ಕವಿಗೆ ತನ್ನ ಶ್ರೋತೃಗಳು ಯಾರೆಂಬುದು ಚೆನ್ನಾಗಿ ತಿಳಿದಿತ್ತು.

ಮೂರನೆಯದೂ ಮುಖ್ಯವಾದುದೂ ವಸ್ತು. ಜಗನ್ನಾಥದಾಸರ ಹರಿಕಥಾಮೃತಸಾರವು ಭಾಮಿನೀಷಟ್ಪದಿಯಲ್ಲಿ ೩೨ ಸಂಧಿಗಳಾಗಿ ರಚಿತವಾದ ಗ್ರಂಥ. ಕುಮಾರವ್ಯಾಸನು ಯುದ್ಧವನ್ನು ಹಾಡಿದ ಷಟ್ಪದಿ ಅದೇ. ಆದರೆ ಇಲ್ಲಿ ಯುದ್ಧವಿಲ್ಲ, ನಾಯಕನ ದಿಗ್ವಿಜಯವಿಲ್ಲ. ಮಂಗಳಾಚರಣೆಯಾದ ಮೇಲೆ ಕರುಣಾಸಂಧಿ, ವ್ಯಾಪ್ತಿಸಂಧಿ. ಅನಂತರ ಭೋಜನದ ಸಂಧಿ. ಅನ್ನ, ಹಾಲು, ತುಪ್ಪಗಳೆಂಬ ಒಂದೊಂದು ಪದಾರ್ಥದಲ್ಲಿಯೂ ನಿಂತಿರುವ ದೇವತೆಗಳನ್ನೂ ಭಗವದ್ರೂಪಗಳನ್ನೂ ಎಣಿಸುವ ಈ ಭಾಗವನ್ನು ಕಾವ್ಯದೃಷ್ಟಿಯಿಂದ ಶುಷ್ಕವೆನ್ನುವವರುಂಟು. ಮೇಲೆ ಹೇಳಿದ ಸೂತ್ರವನ್ನು ಇಲ್ಲಿಗೆ ಅನ್ವಯಿಸಿ ನೋಡಿದರೆ ಬೇರೊಂದು ಅರ್ಥವು ಹೊಳೆಯುತ್ತದೆ. ಅರಿಕೇಸರಿಯ ಆಶ್ರಯವು ಅರ್ಜುನನನ್ನು ನಾಯಕನನ್ನಾಗಿ ಮಾಡಿತು. ಹಿಡಿ ಅಕ್ಕಿಯ ಆಶ್ರಯವು ಎಲೆಯ ಮೇಲಣ ಅನ್ನವನ್ನೇ ಕಾವ್ಯವಸ್ತುವಾಗಿ ಮಾಡಿತು. ಕೊಟ್ಟವನ ಮನೆಯೇ ಕೃತಿಯೊಳಕ್ಕೆ ಬಂದಿತು: ಅವನ ಅಡುಗೆ, ಅವನ ಊಟ, ಅವನ ನಿತ್ಯಕರ್ಮ. ಅರಸನಿಗೆ ನೀನು ಅರ್ಜುನನೆಂದು ಹೇಳಿದಂತೆ, ಗೃಹಸ್ಥನಿಗೆ ನಿನ್ನ ತುತ್ತೇ ಯಜ್ಞವೆಂದು ಕವಿ ಹೇಳಿದನು.

ಆಸ್ಥಾನದ ಆಶ್ರಯಕ್ಕೆ ಅದರ ಬೆಲೆಯಿದ್ದಂತೆ ಈ ಆಶ್ರಯಕ್ಕೂ ಬೆಲೆಯಿತ್ತೆಂಬುದನ್ನು ಮರೆಯಲಾಗದು. ಹರಿಕಥಾಮೃತಸಾರವು ಮಾಧ್ವಸಿದ್ಧಾಂತದ ತಾರತಮ್ಯವನ್ನೂ ರೂಪಸಂಖ್ಯೆಗಳನ್ನೂ ಪಾರಿಭಾಷಿಕ ಪದಗಳನ್ನೂ ತುಂಬಿಕೊಂಡಿದೆ. ಅದಕ್ಕೆ ವ್ಯಾಖ್ಯಾನಗಳು ಬೇಕಾದುವು. ಸಂಪ್ರದಾಯದ ಹೊರಗಿನ ಓದುಗನು ಅನೇಕ ಸಂಧಿಗಳ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ. ಪುರಂದರದಾಸರ ಹಾಡಿನಲ್ಲಿ ಸಂತೆಯೂ ಬೀದಿಯೂ ಇವೆ; ಇಲ್ಲಿ ಮನೆಯಿದೆ, ಆ ಮನೆಗೆ ಹೊಸ್ತಿಲೂ ಇದೆ. ಒಕ್ಕಲಿನವರ, ಬೇಡರ, ಕೂಲಿಯವರ ಬಾಳು ಇದರಲ್ಲಿ ಕಾಣಿಸುವುದು ಅಪೂರ್ವ. ಇನ್ನೊಂದು ಮಾತು: ಹಿಡಿ ಅಕ್ಕಿಯಿಂದ ಹಾಡು ಬೆಳೆಯಬಹುದು, ಗೋಪುರ ಏಳಲಾರದು. ೪೦ ಅಡಿಯ ಕಲ್ಲನ್ನು ಎಳೆಸುವುದಕ್ಕೆ ಬೊಕ್ಕಸವೂ ಆಜ್ಞೆಯೂ ಬೇಕು. ರಾಜಾಶ್ರಯವು ಹೋದಾಗ ಈ ಸೀಮೆಯು ಕಳೆದುಕೊಂಡುದು ನಿಜವಾದ ನಷ್ಟವೇ.

೬

ಜಗನ್ನಾಥದಾಸರ ವಿಷಯದಲ್ಲಿ ಪ್ರಸಿದ್ಧವಾದ ಒಂದು ಪ್ರತೀತಿಯುಂಟು. ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ಪಂಡಿತರಾಗಿದ್ದಾಗ ಅವರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಉಪೇಕ್ಷಿಸಿದರು. ಅದರಿಂದ ಕಠಿಣವಾದ ಉದರವ್ಯಾಧಿಗೆ ಒಳಗಾದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರು. ಪವಾಡವನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದುದು. ವಿಮರ್ಶಕನು ಅದರಲ್ಲಿ ನೋಡಬೇಕಾದುದು ಬೇರೆ. ಸನ್ಮಾನವಿದ್ದ ಭಾಷೆಯನ್ನು ಬಿಟ್ಟು ಹಾಡಿನ ಭಾಷೆಗೆ ಇಳಿಯುವುದು ಆ ಕಾಲದ ಒಬ್ಬ ಪಂಡಿತನಿಗೆ ಪ್ರಾಣದ ಪ್ರಶ್ನೆಯಷ್ಟು ದೊಡ್ಡದಾಗಿತ್ತೆಂಬುದನ್ನು ಈ ಕಥೆ ನೆನಪಿನಲ್ಲಿ ಇಟ್ಟಿದೆ. ಕನ್ನಡಕ್ಕೆ ಆಗ ಬೇಕಾಗಿದ್ದುದು ಅರಸನ ಪಲ್ಲಕ್ಕಿಯಲ್ಲ. ಒಬ್ಬನು ತನ್ನ ಆಯುಷ್ಯದ ಪಾಲನ್ನು ಇನ್ನೊಬ್ಬನಿಗೆ ಕೊಡುವಂತಹ ಗುರುಶಿಷ್ಯಸಂಬಂಧ. ಸಂಪ್ರದಾಯವು ಆಶ್ರಯವೆಂಬ ಮಾತಿಗೆ ಕೊಟ್ಟ ಅರ್ಥ ಇದು.

ಈ ಅರ್ಥವು ಅಲ್ಲಿಗೇ ಮುಗಿಯಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡಕ್ಕೆ ಅರಸರ ಬೆಂಬಲವು ಇಲ್ಲದಿದ್ದ ಕಾಲದಲ್ಲಿ, ೧೯೩೪ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೇರಿತು. ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಮನೆಮನೆಗಳಲ್ಲಿದ್ದ ದಾಸರ ಕೃತಿಗಳನ್ನು ಕೂಡಿಸಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಪ್ರಕಟಿಸಿದರು. ಆ ಹಾಡುಗಳು ಅಚ್ಚಿಗೆ ಬರುವ ವರೆಗೆ ಉಳಿದಿದ್ದುದು ಅರಮನೆಯ ಭಂಡಾರದಲ್ಲಲ್ಲ. ಹಾಡುವವರ ಬಾಯಲ್ಲಿ, ಮನೆಯ ಮಾಡದಲ್ಲಿಟ್ಟ ಕೈಬರಹಗಳಲ್ಲಿ.

ಇಷ್ಟನ್ನೆಲ್ಲ ಪರ್ಯಾಲೋಚಿಸಿದರೆ ರಾಜಾಶ್ರಯವೆಂಬ ಪದವನ್ನು ತ್ಯಜಿಸಬೇಕೆಂದಲ್ಲ, ಅದರ ಮೇರೆಯನ್ನು ಗುರುತಿಸಬೇಕೆಂದು ತೋರುತ್ತದೆ. ಯಾವ ಅರಸನ ಕಾಲದಲ್ಲಿ ಎಂಬ ಪ್ರಶ್ನೆಗೆ ಉತ್ತರ ದೊರೆತ ಮಾತ್ರಕ್ಕೆ ಯಾರ ಕೈಯಿಂದ, ಯಾರ ಕಿವಿಗಾಗಿ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಂತಾಗದು. ಮೊದಲನೆಯದನ್ನೇ ಕೇಳುತ್ತ ಹೋದರೆ ಎಡೆದೊರೆಯಂತಹ ನಾಡುಗಳು ಚರಿತ್ರೆಯಲ್ಲಿ ರಣರಂಗಗಳಾಗಿ ಮಾತ್ರ ಉಳಿಯುವುವು. ಅವುಗಳ ಗುಡಿಯ ಕಲ್ಲುಗಳೂ ಮನೆಯ ಹಾಡುಗಳೂ ಲೆಕ್ಕಕ್ಕೆ ಬಾರದೆ ಕಳೆದುಹೋಗುವುವು. ಗಬ್ಬೂರಿನ ದಾನಶಾಸನಗಳಲ್ಲಿ ಚಕ್ರವರ್ತಿಯ ಪ್ರಶಸ್ತಿಯನ್ನು ದಾಟಿ ಕೊನೆಯ ಸಾಲುಗಳ ಸಣ್ಣ ದಾನಿಗಳ ಹೆಸರುಗಳನ್ನು ಎಣಿಸುವುದೂ, ಮಾನ್ವಿ ದೇವದುರ್ಗಗಳ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಕೈಬರಹದ ಹಾಡಿನ ಪುಸ್ತಕಗಳನ್ನು ಯಾವ ಮನೆ, ಯಾರ ಬರಹವೆಂಬ ವಿವರದೊಡನೆ ಪಟ್ಟಿಮಾಡುವುದೂ ಒಂದೇ ಕೆಲಸದ ಎರಡು ಭಾಗಗಳು. ಈ ಕೆಲಸವನ್ನು ಕೈಕೊಳ್ಳುವ ವಿದ್ವಾಂಸರಿಗೆ ರಾಯಚೂರು ಕೋಟೆಯ ಕಲ್ಲಿನ ಮೇಲಣ ಚಿತ್ರವು ಮಾದರಿಯಾಗಲಿ: ಅಲ್ಲಿ ಶಾಸನವು ಒಡೆಯನ ಹೆಸರನ್ನು ಹೇಳುತ್ತದೆ, ಚಿತ್ರವು ಎಳೆದವರನ್ನು ತೋರಿಸುತ್ತದೆ. ಚರಿತ್ರೆಗೆ ಎರಡೂ ಬೇಕು.